ಹಡಗಿನ ಹೊಗೆಗೆ ಸಮುದ್ರಸ್ನಾನ

ಮುಲುಂಡಿನಿಂದ ಸ್ಲೋ ಲೋಕಲಿನಲ್ಲಿ ಕೋಟೆಯ ಕಡೆಗೆ ಹೊರಟರೆ ಮೂರನೆಯ ನಿಲ್ದಾಣವೇ ಕಂಜೂರ್‌ಮಾರ್ಗ. ಅಲ್ಲಿ ಕುಳಿತೇ ಕೇಂದ್ರ ಸರಕಾರದ ನೌಕಾಯಾನ ಮಹಾನಿರ್ದೇಶಕರ ಕಚೇರಿಯು 2020ರಲ್ಲಿ ನಮ್ಮ ದೇಶದ ಹಡಗುಗಳಿಗೆ ಹೊಗೆಯ ಹೊಸ ಕಟ್ಟಳೆಯನ್ನು ಜಾರಿಗೆ ತಂದಿತೆಂದರೆ ವಾಚಕರಿಗೆ ಸೋಜಿಗವಾದೀತು. ನಾನೂ ಗುಮಾಸ್ತನೇ, ಒಂದು ಸುತ್ತೋಲೆ ಎಷ್ಟು ಜನರನ್ನು ಓಡಾಡಿಸುತ್ತದೆಂಬುದನ್ನು ಬಲ್ಲೆ. ಆದರೆ ಈ ಸುತ್ತೋಲೆಯ ಓಡಾಟವನ್ನು ತಿಳಿದದ್ದು ಹಡಗಿನ ಎಂಜಿನ್ ಕೋಣೆಯಲ್ಲಿ ದುಡಿಯುವ ನನ್ನ ಭಾವಮೈದುನನಿಂದ.

ಲಂಡನ್ನಿನ ಅಂತರರಾಷ್ಟ್ರೀಯ ಸಾಗರ ಸಂಸ್ಥೆಯ ಕಟ್ಟಳೆ ಇಷ್ಟೆ: ಹಡಗು ಉರಿಸುವ ಎಣ್ಣೆಯಲ್ಲಿ ಗಂಧಕವು ನೂರಕ್ಕೆ 3.5 ಪಾಲಿನವರೆಗೆ ಇರಬಹುದಿತ್ತು; 2020ರ ಜನವರಿ 1ರಿಂದ ಅದು ಅರ್ಧ ಪಾಲನ್ನು ಮೀರಕೂಡದು. ಎಂದರೆ ಟನ್ನಿಗೆ 35 ಕಿಲೋ ಇದ್ದದ್ದು 5 ಕಿಲೋಗೆ ಇಳಿಯಬೇಕು. ಬಂದರಿನ ಊರುಗಳ ಜನರ ಎದೆಗೂಡಿಗೆ ಇದರಿಂದ ಉಪಕಾರವೇ ಸರಿ. ಆದರೆ ಗಂಧಕ ಕಡಮೆಯಾದ ಎಣ್ಣೆ ತುಟ್ಟಿ. ಅದಕ್ಕೆಂದೇ ಇನ್ನೊಂದು ದಾರಿಯನ್ನೂ ತೆರೆದಿಟ್ಟರು: ಅಗ್ಗದ ಎಣ್ಣೆಯನ್ನೇ ಉರಿಸಿರಿ, ಹೊಗೆಯನ್ನು ಮಾತ್ರ ತೊಳೆದು ಬಿಡಿರಿ. ಹಾಗೆ ತೊಳೆಯುವ ಯಂತ್ರಕ್ಕೆ ಸ್ಕ್ರಬ್ಬರ್ ಎಂದು ಹೆಸರು.

ಓಡುತ್ತಿರುವ ಹಡಗಿಗೆ ಇದನ್ನು ಕೂಡಿಸುವುದೆಂದರೆ ಗಿರಣಗಾಂವದ ಹಳೆಯ ಚಾಳಿನ ಖೋಲಿಯೊಳಗೆ ಬಚ್ಚಲುಮನೆ ಕಟ್ಟಿದ ಹಾಗೆ. ಇರುವ ಜಾಗವನ್ನು ಮೊದಲು ಲೇಸರ್ ಕಿರಣದಿಂದ ಅಳೆಯಬೇಕು. ಆಮೇಲೆ ಹೊಗೆಗೂಡನ್ನು ಕತ್ತರಿಸಿ, ಮಹಡಿಯೆತ್ತರದ ಉಕ್ಕಿನ ಗೋಪುರವನ್ನು ಇಳಿಸಿ, ಹಡಗಿನ ಒಡಲಿನಲ್ಲಿ ನೀರಿಗೆ ದಾರಿ ಕೊರೆಯಬೇಕು. ಹೊಗೆ ಮೇಲೇರುವಾಗ ಪಂಪುಗಳು ಕಡಲ ನೀರನ್ನು ತುಂತುರಾಗಿ ಸುರಿಸುತ್ತವೆ. ಕಡಲ ನೀರಿನ ಸಹಜವಾದ ಕ್ಷಾರಗುಣವು ಗಂಧಕದ ಆಮ್ಲವನ್ನು ಮುರಿಯುತ್ತದೆ. ಆದರೂ ಹುಳಿ ಉಳಿದ ಆ ನೀರು ಉಕ್ಕಿನ ಪೈಪನ್ನು ತಿಂದುಬಿಡುವುದರಿಂದ ಗಾಜಿನ ನಾರಿನ ಪೈಪುಗಳೇ ಬೇಕು. ಕೆಲಸ ವಾರಗಟ್ಟಲೆ, ಅಷ್ಟು ದಿನವೂ ಬಾಡಿಗೆ ಖೋತಾ!

ಸರಿ, ತೊಳೆದ ನೀರು ಎಲ್ಲಿಗೆ? ಹೆಚ್ಚಿನ ಹಡಗುಗಳಲ್ಲಿ ಮರಳಿ ಕಡಲಿಗೇ. ಮಸಿ, ಎಣ್ಣೆಯ ಶೇಷ, ನಿಕಲ್, ವೆನೇಡಿಯಮ್ ಸಮೇತ. ಮುಲುಂಡಿನವರಾದ ನಮಗೆ ಈ ಲೆಕ್ಕ ಹೊಸತಲ್ಲ. 2018ರಲ್ಲಿ ನಮ್ಮ ಕಸದ ಗುಡ್ಡೆಗೆ ಬೀಗ ಬಿದ್ದಾಗ ಸಮಾಧಾನದ ಉಸಿರು ಬಿಟ್ಟೆವು; ಕಸ ತಿರುಗಿದ್ದು ಅದೇ ಕಂಜೂರ್‌ಮಾರ್ಗದ ಕಡೆಗೆ. ಸಿಂಗಾಪುರವಂತೂ ಈ ನೀರನ್ನು ತನ್ನ ಬಂದರಿನಲ್ಲಿ ಬಿಡಕೂಡದೆಂದು 2020ರಿಂದಲೇ ನಿಷೇಧಿಸಿತು. ಅದೇ ನೀರನ್ನು ಸೋಡಾಕ್ಷಾರ ಬೆರೆಸಿ ಮತ್ತೆ ಮತ್ತೆ ಬಳಸಿ, ಕೊಳೆಯನ್ನು ತೊಟ್ಟಿಯಲ್ಲಿ ಶೇಖರಿಸಿ ದಡಕ್ಕೊಪ್ಪಿಸುವ ಮುಚ್ಚಿದ ಬಗೆಯೂ ಉಂಟು. ನನಗೆ ಅದೇ ನ್ಯಾಯವೆಂದು ತೋರುತ್ತದೆ. ಖರ್ಚು ಮಾತ್ರ ಹೆಚ್ಚು.

ನನ್ನ ಮಾವನವರದು ಮಲ್ಪೆಯಲ್ಲಿ ಮೀನಿನ ವ್ಯವಹಾರ. ಕಳೆದ ರಜೆಯಲ್ಲಿ ಮಗ ಬಂದಾಗ, ಬಂಗುಡೆಯ ಸಾರಿಗೆ ಕೈಯಿಕ್ಕುತ್ತಲೇ, “ನಿನ್ನ ಹಡಗಿನ ಕೊಳೆನೀರು ಎಲ್ಲಿ ಬೀಳುತ್ತದೆಯೋ?” ಎಂದು ಕೇಳಿದರು.

“ದೂರದಲ್ಲಿ ಬಿಡುತ್ತೇವೆ, ಅಪ್ಪ.”

“ಎಷ್ಟು ದೂರ?”

ಅವನು ಇನ್ನಷ್ಟು ಅನ್ನ ಬಡಿಸಿಕೊಂಡ. ಅವನ ಹಡಗಿಗೂ ಮುಚ್ಚಿದ ಬಗೆಯ ತೊಟ್ಟಿ ಕೂಡಿಸುವ ಮಾತು ನಡೆದಿದೆಯಂತೆ; ಅಂದಾಜು ಪಟ್ಟಿ ಮಾಲಿಕರ ಮೇಜಿನ ಮೇಲಿದೆ.