ಅವ್ವನಿಗೆ ಜ್ವರ ಬಂದಾಗ



ಗದಗ ಬಳಿಯ ಕಣಗಿನಹಾಳ ಎಂದೊಡನೆ ನಮ್ಮ ನೆನಪಿಗೆ ಬರುವುದು 1905ನೇ ಇಸವಿ. ಸಿದ್ದನಗೌಡ ಸಣ್ಣರಾಮನಗೌಡ ಪಾಟೀಲರ ಮುಂದಾಳತ್ವದಲ್ಲಿ ರೈತರ ಸಹಕಾರಿ ಸಂಘ ಅಲ್ಲಿ ಹುಟ್ಟಿದ್ದು ಆ ವರ್ಷ. ಒಂದು ಮನೆಯ ಕಷ್ಟಕ್ಕೆ ಹತ್ತು ಮನೆ ಹೊಣೆ ನಿಲ್ಲುವ ಪಾಠವನ್ನು ಆ ಊರು ದೇಶಕ್ಕೇ ಕಲಿಸಿತು. ಅದಾಗಿ 13 ವರ್ಷಕ್ಕೆ, 1918ರಲ್ಲಿ, ಸಾಲ ಕೊಟ್ಟು ತೀರಿಸಲಾಗದ ಕಷ್ಟವೊಂದು ಈ ಸೀಮೆಯನ್ನು ಹೊಕ್ಕಿತು. ಅದೇ ಇನ್‌ಫ್ಲುಯೆಂಜಾ. ಆಗ ಗದಗ ಮುಂಬಯಿ ಪ್ರಾಂತದ ಧಾರವಾಡ ಜಿಲ್ಲೆಗೆ ಸೇರಿತ್ತು.

ಜೂನ್ ತಿಂಗಳಲ್ಲಿ ಮುಂಬಯಿಯಲ್ಲಿ ಕಾಣಿಸಿಕೊಂಡ ಜ್ವರ ಮೊದಲು ಅಷ್ಟು ಉಗ್ರವಾಗಿರಲಿಲ್ಲ. ಸೆಪ್ಟೆಂಬರಿನಲ್ಲಿ ಮರಳಿ ಬಂದದ್ದೇ ಮಾರಿಯಾಯಿತು. ಮರಾಠಿ ಹಳ್ಳಿಗಳವರು ಅದನ್ನು ‘ಮಾನಮೋಡಿ’, ಅಂದರೆ ಕತ್ತು ಮುರಿಯುವ ಬೇನೆ ಎಂದು ಕರೆದರು. ಮುಂಬಯಿ ಪ್ರಾಂತವೊಂದರಲ್ಲೇ 10 ಲಕ್ಷಕ್ಕೂ ಹೆಚ್ಚು ಜನ ಸತ್ತರು. ಇಡೀ ದೇಶದಲ್ಲಿ ಸತ್ತವರು ಒಂದು ಕೋಟಿಗೂ ಹೆಚ್ಚು ಎಂಬುದು ಅಂದಾಜು. 1911ರಿಂದ 1921ರವರೆಗಿನ ಹತ್ತು ವರ್ಷಗಳಲ್ಲಿ ದೇಶದ ಜನಸಂಖ್ಯೆ ಬೆಳೆಯುವ ಬದಲು ತುಸು ಇಳಿಯಿತೆಂದರೆ ಉಳಿದದ್ದನ್ನು ನೀವೇ ಊಹಿಸಿ.

ಸಾಮಾನ್ಯವಾಗಿ ಫ್ಲೂ ಕೂಸುಗಳನ್ನೂ ಮುದುಕರನ್ನೂ ಹೆಚ್ಚಾಗಿ ಕಾಡುತ್ತದೆ. 1918ರಲ್ಲಿ ಹಾಗಾಗಲಿಲ್ಲ. 20ರಿಂದ 40ರ ಪ್ರಾಯದ ಗಟ್ಟಿಮುಟ್ಟಾದವರೇ ಹೆಚ್ಚು ಸತ್ತರು. ಅವರಲ್ಲೂ ನಮ್ಮ ದೇಶದಲ್ಲಿ ಗಂಡಸರಿಗಿಂತ ಹೆಂಗಸರು ಹೆಚ್ಚು. ಇದಕ್ಕೆ ಕಾರಣ ಹುಡುಕಲು ದೂರ ಹೋಗಬೇಕಿಲ್ಲ. ಆ ವರ್ಷ ಮಳೆ ಕೈಕೊಟ್ಟು ಕಾಳುಕಡಿ ತುಟ್ಟಿಯಾಗಿತ್ತು. ಎಲ್ಲರೂ ಉಂಡ ಮೇಲೆ ಉಳಿದದ್ದನ್ನು ಉಣ್ಣುವವಳು ಅವ್ವ. ಜ್ವರ ಬಂದವರ ಹಾಸಿಗೆಯ ಬಳಿ ಕೂರುವವಳೂ ಅವಳೇ. ಅವಳು ಮಲಗಿದಾಗ ನೀರು ಕೊಡುವವರೇ ಇಲ್ಲದ ಮನೆಗಳು ಎಷ್ಟಿದ್ದವೋ!

ಸತ್ತವರಲ್ಲಿ ಬಹಳಷ್ಟು ಜನರನ್ನು ಕೊಂದದ್ದು ಫ್ಲೂ ಬಂದ ಮೇಲೆ ಎದೆಗೆ ಇಳಿದ ನ್ಯುಮೋನಿಯಾ. ಆಗ ಪೆನಿಸಿಲಿನ್ ಇರಲಿಲ್ಲ. ಮನುಷ್ಯರ ಫ್ಲೂ ವೈರಸ್ ಪತ್ತೆಯಾದದ್ದೇ 1933ರಲ್ಲಿ. ಮುಂದೆ 1957, 1968, 2009ರಲ್ಲಿಯೂ ಫ್ಲೂ ಜಗತ್ತನ್ನು ಸುತ್ತಿತು. 2009ರ ‘ಹಂದಿಜ್ವರ’ ನಮಗೆಲ್ಲ ನೆನಪಿದೆ.

ಇಷ್ಟಾದರೂ ಮೈಕೈ ನೋವು, ಚಳಿಜ್ವರ ಬಂದಾಗ ನಾವು ಹೇಳುವುದು ‘ಬರೀ ನೆಗಡಿ’ ಎಂದೇ. ಬರೀ ನೆಗಡಿ ಮನುಷ್ಯನನ್ನು ಒಮ್ಮೆಲೇ ಹೀಗೆ ಹಾಸಿಗೆ ಹಿಡಿಸುವುದಿಲ್ಲ. ಇಂದಿಗೂ ಜಗತ್ತಿನಲ್ಲಿ ವರ್ಷಕ್ಕೆ ಸುಮಾರು 3ರಿಂದ 6.5 ಲಕ್ಷ ಜನ ಫ್ಲೂನಿಂದ ಉಸಿರಾಟ ಕೆಟ್ಟು ಸಾಯುತ್ತಾರೆ. ಏದುಸಿರು, ಎದೆನೋವು, ತುಟಿ ನೀಲಿಗಟ್ಟುವುದು, ಇಳಿದ ಜ್ವರ ಮತ್ತೆ ಏರುವುದು, ಇವು ಕಂಡರೆ ಕಷಾಯ ಕುಡಿಸುತ್ತ ಕೂರದೆ ಆಸ್ಪತ್ರೆಗೆ ಹೊರಡಬೇಕು. ವೈರಸ್ ತನ್ನ ರೂಪ ಬದಲಿಸುತ್ತಲೇ ಇರುವುದರಿಂದ ಲಸಿಕೆಯನ್ನು ವರ್ಷವರ್ಷ ಹಾಕಿಸಿಕೊಳ್ಳಬೇಕಾಗುತ್ತದೆ. ಮನೆಯಲ್ಲಿ ವಯಸ್ಸಾದವರು, ಬಸುರಿಯರು, ಸಕ್ಕರೆ ಕಾಯಿಲೆಯವರು ಇದ್ದರೆ ವೈದ್ಯರನ್ನು ಒಮ್ಮೆ ಕೇಳಿರಿ.

ಮನೆಯ ಅವ್ವನಿಗೇ ಜ್ವರ ಬಂದರೆ ಒಲೆಯ ಮುಂದೆ ಗಂಡಸರು ಕೂರಲಿ. ಅವರೂ ಮಲಗಿದ್ದರೆ ನೆರೆಯವರು ನುಚ್ಚಿನ ಗಂಜಿ ಕಾಸಿ ಒಯ್ಯಲಿ. ಸೋಂಕಿನ ಅಂಜಿಕೆಯಿದ್ದರೆ ಪಾತ್ರೆಯನ್ನು ಹೊಸ್ತಿಲಲ್ಲಿ ಇಟ್ಟು, ಕೂಗಿ ಹೇಳಿ ಬಂದರೂ ಆದೀತು.