ಗುರುತಿನವರು ಯಾರು?

ಭೋಸರಿಯ ಎಂ.ಐ.ಡಿ.ಸಿ.ಗೆ ಕೆಲಸ ಹುಡುಕಿಕೊಂಡು ವಿಜಾಪುರ, ಕಲಬುರ್ಗಿ ಕಡೆಯಿಂದ ಬಂದ ಹುಡುಗನಿಗೆ ಬಾಡಿಗೆ ಖೋಲಿ ಬೇಕೆಂದರೆ ಮಾಲೀಕ ಮೊದಲು ಕೇಳುವುದು "ಓಳಖೀಚಾ ಕೋಣ್ ಆಹೆ?" ಅಂತ. ಗುರುತಿನವರು ಯಾರು? ಮಾಲೀಕನಿಗೆ ಕಿರಾಣಿ ಅಂಗಡಿಯವ ಗೊತ್ತು, ಅಂಗಡಿಯವನಿಗೆ ನಮ್ಮೂರ ಫಿಟ್ಟರ್ ಗೊತ್ತು, ಫಿಟ್ಟರನಿಗೆ ಹುಡುಗ ಗೊತ್ತು. ಸರಪಳಿ ಕೂಡಿತು, ಖೋಲಿ ಸಿಕ್ಕಿತು. ನಡುವಿನ ಫಿಟ್ಟರ್ ಊರಿಗೆ ಹೋಗಿದ್ದರೆ? ಹುಡುಗ ಎಷ್ಟೇ ಸಾಚಾ ಇದ್ದರೂ ಬಾಗಿಲು ತೆರೆಯುವುದಿಲ್ಲ.

ಕಂಪ್ಯೂಟರಿನಲ್ಲೂ ಇದೇ ವ್ಯವಹಾರ. ವೆಬ್ ಸರ್ವರ್ ತನ್ನ ಸರ್ಟಿಫಿಕೇಟ್ ತೋರಿಸುತ್ತದೆ. ಅದಕ್ಕೆ ಒಬ್ಬ ನಡುವಿನವನ ಸಹಿ, ಅವನ ಪತ್ರಕ್ಕೆ 'ರೂಟ್' ಎಂಬ ಹಿರಿಯನ ಸಹಿ. ಹಿರಿಯರ ಪಟ್ಟಿ ಮೊದಲೇ ನಮ್ಮ ಯಂತ್ರದಲ್ಲಿರುತ್ತದೆ.

ಇಲ್ಲಿ ನಾನು ಮಾಡುವುದು ಸಾಫ್ಟ್‌ವೇರ್ ಕೆಲಸ. ಹೊಸ ಹುಡುಗರು ವಾರಕ್ಕೊಮ್ಮೆಯಾದರೂ ಬಂದು ಕೇಳುವ ಮಾತು: "ಅಣ್ಣಾ, ಬ್ರೌಸರಿನ್ಯಾಗ ಛಲೋ ತೆರೀತದ, ಜಾವಾದಾಗ ಯಾಕ ಬರವಲ್ದು?" ಪರದೆಯ ಮೇಲೆ 'ಪಿಕೆಐಎಕ್ಸ್ ಪಾತ್ ಬಿಲ್ಡಿಂಗ್ ಫೇಲ್ಡ್' ಎಂದಿರುತ್ತದೆ. ಹಿರಿಯನವರೆಗೆ ದಾರಿ ಸಿಗಲಿಲ್ಲ ಅನ್ನುವುದೇ ಅದರ ಅರ್ಥ.

ಬ್ರೌಸರಿಗೆ ಸಿಕ್ಕ ದಾರಿ ಜಾವಾಗೆ ಯಾಕಿಲ್ಲ? ಎಲ್ಲರ ಪಟ್ಟಿಯೂ ಒಂದೇ ಅಲ್ಲ, ಅದಕ್ಕೆ. ನಮ್ಮ ದೇಶದ್ದೇ ಉದಾಹರಣೆ ಕೊಡುತ್ತೇನೆ. 2014ರ ಜುಲೈಯಲ್ಲಿ ಗೂಗಲ್‌ನ ಹೆಸರಿಗೆ, ಅದರ ಒಪ್ಪಿಗೆಯಿಲ್ಲದ ಸರ್ಟಿಫಿಕೇಟುಗಳು ಪತ್ತೆಯಾದವು. ಸಹಿ ನಮ್ಮ ನ್ಯಾಷನಲ್ ಇನ್ಫರ್ಮ್ಯಾಟಿಕ್ಸ್ ಸೆಂಟರಿನದು; ಅದರ ಮೇಲಿನ ಹಿರಿಯ, ಭಾರತ ಸರ್ಕಾರದ ಸಿ.ಸಿ.ಎ. ಈ ಹಿರಿಯನ ಹೆಸರು ಮೈಕ್ರೋಸಾಫ್ಟ್ ಪಟ್ಟಿಯಲ್ಲಿತ್ತು. ಆದ್ದರಿಂದ ವಿಂಡೋಸ್ ಮೇಲಿನ ಬಹಳಷ್ಟು ಪ್ರೋಗ್ರಾಮುಗಳು ಆ ಪತ್ರಗಳನ್ನು ನಂಬಬಹುದಿತ್ತು. ತನ್ನದೇ ಪಟ್ಟಿಯ ಫೈರ್‌ಫಾಕ್ಸ್‌ನಲ್ಲಿ ಆ ಹೆಸರೇ ಇರಲಿಲ್ಲ, ಅದು ಪಾರಾಯಿತು. ನಡುವಿನ ಪತ್ರಗಳನ್ನು ಸಿ.ಸಿ.ಎ. ಕೂಡಲೇ ರದ್ದುಮಾಡಿತು. ಒಂದು ಸಹಿ ತಪ್ಪಿದರೆ ಎಷ್ಟು ಮನೆಯ ಬಾಗಿಲು ತೆರೆದುಕೊಳ್ಳುತ್ತದೆ ನೋಡಿ!

ಜಾವಾ ಕೂಡ ಹೀಗೆಯೇ, 'ಸಿಎಸರ್ಟ್ಸ್' ಎಂಬ ತನ್ನ ಪೆಟ್ಟಿಗೆಯನ್ನೇ ನೋಡುತ್ತದೆ. ಅದಕ್ಕೆ ಬಹುಕಾಲ ಇದ್ದ ಪಾಸ್‌ವರ್ಡ್ 'ಚೇಂಜ್‌ಇಟ್'. ಬದಲಿಸು ಎಂದು ಅದೇ ಬೇಡಿಕೊಂಡರೂ ಬದಲಿಸಿದವರನ್ನು ನಾನಂತೂ ಹೆಚ್ಚು ಕಂಡಿಲ್ಲ.

ರೋಗ ಎರಡು ಬಗೆ. ಸರ್ವರ್ ತನ್ನ ಪತ್ರವನ್ನಷ್ಟೇ ಕೊಟ್ಟು ನಡುವಿನವನ ಪತ್ರ ಕೊಡದೇ ಇರುವುದು ಮೊದಲನೆಯದು. ಬ್ರೌಸರು ಚುರುಕು, ಎಲ್ಲಿಂದಲೋ ಹುಡುಕಿ ತಂದುಕೊಳ್ಳುತ್ತದೆ. ಜಾವಾ, ಗಿಟ್ ಸಾಮಾನ್ಯವಾಗಿ ಹಾಗೆ ತಿರುಗುವುದಿಲ್ಲ. ಮದ್ದು ಹಾಕಬೇಕಾದದ್ದು ಸರ್ವರಿಗೆ. ಅಲ್ಲಿ ಪೂರ್ತಿ ಸರಪಳಿ ಇಟ್ಟರೆ ಎಲ್ಲರಿಗೂ ಒಮ್ಮೆಗೇ ಗುಣ. ಎರಡನೆಯದು, ಕಾರ್ಖಾನೆಯ ಒಳಗಿನ ಸರ್ವರ್. ಅದರ ಹಿರಿಯ ಕಾರ್ಖಾನೆಯವರೇ ಮಾಡಿಕೊಂಡ ರೂಟ್, ಹೊರಗಿನ ಯಾರ ಪಟ್ಟಿಯಲ್ಲೂ ಇಲ್ಲ. ಆಗ ಆ ರೂಟ್ ಪತ್ರವನ್ನು 'ಕೀಟೂಲ್' ಎಂಬ ಆಜ್ಞೆಯಿಂದ ಜಾವಾದ ಪೆಟ್ಟಿಗೆಗೆ ನಾವೇ ಸೇರಿಸಬೇಕು. ಗಿಟ್‌ಗಾದರೆ ಪತ್ರದ ಫೈಲ್ ಎಲ್ಲಿದೆ ಎಂದು ಹೇಳಿದರೆ ಸಾಕು. (ದಿನಾಂಕ ಮುಗಿದಿದ್ದರೆ ಅಥವಾ ಸರ್ವರಿನ ಹೆಸರೇ ಬೇರೆ ಇದ್ದರೆ ಇದರಿಂದ ಉಪಯೋಗವಿಲ್ಲ, ಪತ್ರವನ್ನೇ ಹೊಸದಾಗಿ ಮಾಡಿಸಬೇಕು.)

ಸೇರಿಸುವ ಮುಂಚೆ ಒಂದು ಕೆಲಸ ಇದೆ. ಪತ್ರಕ್ಕೆ ಬೆರಳಚ್ಚಿನಂಥ ಗುರುತು ಇರುತ್ತದೆ. ಎಸ್‌ಎಚ್‌ಎ-256 ಆದರೆ 64 ಅಕ್ಷರ. ಸರ್ವರ್ ನೋಡಿಕೊಳ್ಳುವವರಿಗೆ ಫೋನ್ ಮಾಡಿ ಅದನ್ನು ಓದಿಸಿ ತಾಳೆ ನೋಡಬೇಕು. ಸಂಶಯವಿರುವ ಅದೇ ದಾರಿಯಿಂದ ಬಂದ ಪತ್ರವನ್ನು ಹಾಗೇ ನಂಬಿದರೆ, ಅಪರಿಚಿತನನ್ನೇ "ನೀ ಒಳ್ಳೆಯವನೇನಪ್ಪಾ?" ಎಂದು ಕೇಳಿದ ಹಾಗೆ.

ಇಷ್ಟೆಲ್ಲ ಯಾಕೆ, ಪರಿಶೀಲನೆಯನ್ನೇ ಆರಿಸಿಬಿಟ್ಟರಾಯಿತಲ್ಲ ಎನ್ನುವವರಿದ್ದಾರೆ. ಗಿಟ್‌ನಲ್ಲಿ 'ಎಸ್‌ಎಸ್‌ಎಲ್ ವೆರಿಫೈ'ಗೆ 'ಫಾಲ್ಸ್' ಎಂದು ಬರೆದರೆ ತಕರಾರು ನಿಲ್ಲುತ್ತದೆ, ನಿಜ. ಆದರೆ ಈ ಉಪಕರಣಗಳು ತರುವುದು ಓದಿ ಬಿಡುವ ಪುಟವನ್ನಲ್ಲ, ಓಡಿಸುವ ಕೋಡನ್ನು. ನಡುದಾರಿಯಲ್ಲಿ ಕುಳಿತ ಕಳ್ಳ ತನ್ನ ಕೋಡನ್ನು ಕೈಗಿತ್ತರೂ ಕೇಳುವವರಿಲ್ಲ. ಹೋಗುವ ಪಾಸ್‌ವರ್ಡ್ ಕೂಡ ಅವನಿಗೇ. ಕಾರ್ಖಾನೆಯ ಯಂತ್ರ ನಡೆಸುವ ಪ್ರೋಗ್ರಾಮು ಹೀಗೆ ಬಂದದ್ದಾದರೆ ಅದರ ಮುಂದೆ ನಿಂತು ದುಡಿಯುವವನ ಕೈಬೆರಳಿನ ಗತಿಯೇನು?

ಇನ್ನೊಂದು ಮಾತು. ಜಾವಾದ ಹೊಸ ಆವೃತ್ತಿ ಹಾಕಿದಾಗ ಪೆಟ್ಟಿಗೆಯೂ ಹೊಸದು ಬರುತ್ತದೆ; ನೀವು ಸೇರಿಸಿದ್ದು ಅದರಲ್ಲಿ ಇರುವುದಿಲ್ಲ. ಹಳೆಯ ತಕರಾರು ಮತ್ತೆ ಎದ್ದರೆ ಗಾಬರಿ ಬೇಡ. ತಾಳೆ ನೋಡಿದ ಆ 64 ಅಕ್ಷರಗಳನ್ನು ಒಂದು ನೋಟ್‌ಬುಕ್ಕಿನಲ್ಲಿ ಬರೆದಿಟ್ಟಿದ್ದರೆ ಎರಡನೇ ಸಲ ಫೋನ್ ಮಾಡುವ ಖರ್ಚು ಉಳಿಯಿತು.