ಬೀದಿಯ ಅಗಲವೂ ಆರೋಗ್ಯವೂ

ಪ್ರಶ್ನೆ: ರೋಗ ವಾಸಿಮಾಡುವುದು ವೈದ್ಯರ ಕೆಲಸ. ಅದರಲ್ಲಿ ಸರ್ಕಾರದ ಪಾತ್ರವೇನು?

ಉತ್ತರ: 1898ರಲ್ಲಿ ಬೆಂಗಳೂರಿಗೆ ಪ್ಲೇಗು ಕಾಲಿಟ್ಟಾಗ ಅದನ್ನು ಗುಣಪಡಿಸುವ ಔಷಧವು ಯಾವ ವೈದ್ಯನ ಕೈಯಲ್ಲಿಯೂ ಇರಲಿಲ್ಲ, ಆದರೆ ಧಾನ್ಯದ ಮಂಡಿಗಳಿಗೆ ಒತ್ತಿಕೊಂಡಿದ್ದ ಪೇಟೆಯ ಗಾಳಿಬೆಳಕಿಲ್ಲದ ಮನೆಗಳಲ್ಲಿ ಇಲಿಯೂ, ಇಲಿಯ ಮೈಮೇಲಿನ ಚಿಗಟವೂ, ಮನುಷ್ಯನೂ ಒಂದೇ ಸೂರಿನಡಿ ಬಾಳುತ್ತಿದ್ದುದರಿಂದ, ವ್ಯಾಧಿಯು ದೇಹಪ್ರಕೃತಿಗಿಂತ ವಾಸಸ್ಥಾನವನ್ನೇ ನೋಡಿ ಬಲಿಯನ್ನಾರಿಸಿತೆನ್ನಬಹುದು. ಆ ಕಾಲದಲ್ಲಿ ಸರ್ಕಾರವು ಹೊಸ ಬಡಾವಣೆಗಳಾದ ಬಸವನಗುಡಿ, ಮಲ್ಲೇಶ್ವರಗಳಲ್ಲಿ ವಿಶಾಲವಾದ ಬೀದಿಗಳನ್ನೂ, ಮನೆಗಳ ಹಿಂದೆ ಮಲಸಾಗಣೆಗೆಂದೇ ಬಿಟ್ಟ ಓಣಿಗಳನ್ನೂ ರೂಪಿಸಿ ಜನರಿಗೆ ನಿವೇಶನಗಳನ್ನು ಒದಗಿಸಿದ್ದು, ನನ್ನ ಮಟ್ಟಿಗೆ, ಆಸ್ಪತ್ರೆಯನ್ನು ಕಟ್ಟಿಸಿದಷ್ಟೇ ಮಹತ್ತರವಾದ ಚಿಕಿತ್ಸೆ. ಆದರೆ (ಇದನ್ನು ಹೇಳದೆ ವಿಧಿಯಿಲ್ಲ) ಆ ಓಣಿಗಳಲ್ಲಿ ಮಲ ಹೊತ್ತವರಿಗೂ, ನಿವೇಶನ ಕೊಳ್ಳಲಾರದೆ ಪೇಟೆಯಲ್ಲಿಯೇ ಉಳಿದ ಬಡವರಿಗೂ ಆ ಚಿಕಿತ್ಸೆಯ ಫಲವು ಅಷ್ಟಾಗಿ ದೊರೆಯಲಿಲ್ಲ.